ಸರದಿ ಸಾಲಿನ ಗಣಿತಜ್ಞ ಎರ್ಲಾಂಗ್

ಸ್ಪರ್ಧಾ ಪರೀಕ್ಷೆಯ ತರ್ಕದ ಪುಸ್ತಕಗಳನ್ನು ತಿರುವಿಹಾಕಿದ ಮಿತ್ರರಿಗೆಲ್ಲ ಈ ಬಗೆಯ ಸಮಸ್ಯೆ ಪರಿಚಿತವೇ ಆಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳಿಂದ ಒಬ್ಬೊಬ್ಬರಂತೆ ನಾಲ್ವರು ಒಬ್ಬ ವೈದ್ಯರನ್ನು ಕಾಣಬೇಕಾಗಿದೆ. ಹತ್ತು, ಹತ್ತೂವರೆ, ಹನ್ನೊಂದು, ಹನ್ನೊಂದೂವರೆ ಗಂಟೆಗಳಿಗೆ ಒಬ್ಬೊಬ್ಬರ ಸರದಿ. ಹಾಸನದವರದು ಕೊನೆಯ ಸರದಿ. ಚನ್ನರಾಯಪಟ್ಟಣದವರ ಬೆನ್ನಿಗೇ ಹೊಳೆನರಸೀಪುರದವರು. ಅರಕಲಗೂಡಿನವರು ಮೊದಲಿಗರಲ್ಲ. ಹಾಗಾದರೆ ಹನ್ನೊಂದು ಗಂಟೆಗೆ ಯಾರು? ನಾಲ್ವರನ್ನು ೨೪ ವಿಧವಾಗಿ ನಿಲ್ಲಿಸಬಹುದು. ಮೊದಲ ಸುಳಿವು ಅದನ್ನು ೬ಕ್ಕೆ ಇಳಿಸುತ್ತದೆ, ಎರಡನೆಯದು ೨ಕ್ಕೆ, ಮೂರನೆಯದು ಒಂದಕ್ಕೆ. ಅರಕಲಗೂಡಿನವರು ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ.

ಇಂಥ ಲೆಕ್ಕ ಬಿಡಿಸುವುದೆಂದರೆ ನನಗೆ ಬಲು ಪ್ರೀತಿ. ಆದರೆ ಪುಸ್ತಕದ ಊರಿನಲ್ಲಿ ಬಸ್ಸು ತಡವಾಗುವುದಿಲ್ಲ. ಪುಸ್ತಕದ ವೈದ್ಯರು ಎಲ್ಲ ರೋಗಿಗಳನ್ನೂ ಸರಿಯಾಗಿ ಅರ್ಧ ಗಂಟೆಯಲ್ಲಿ ನೋಡಿ ಮುಗಿಸುತ್ತಾರೆ. ಒಮ್ಮೆ ಅಜ್ಜನ ಜೊತೆ ಒಂದು ಕಚೇರಿಯ ಕೌಂಟರಿನ ಮುಂದೆ ನಿಂತಿದ್ದೆ. ನಮ್ಮ ಮುಂದೆ ಇದ್ದವರು ಏಳೇ ಜನ. ಊಟದ ಹೊತ್ತಾದರೂ ಸರದಿ ಬರಲಿಲ್ಲ. ಅಂದು ನಮ್ಮ ಪಕ್ಕದಲ್ಲಿ ನಿಂತಿದ್ದ ಹೆಂಗಸಿಗೆ ಒಂದು ದಿನದ ಕೂಲಿಯೇ ಹೋಯಿತು. ಹೀಗೆ ಕಾಯುವವರ ಕಾಲವನ್ನು ಯಾರಾದರೂ ಲೆಕ್ಕ ಹಾಕಿದ್ದಾರೆಯೇ ಎಂದು ಹುಡುಕಹೊರಟಾಗ ನನಗೆ ದೊರೆತ ಹೆಸರು ಆಗ್ನರ್ ಕ್ರಾರುಪ್ ಎರ್ಲಾಂಗ್. ಗಣಿತದ ವಿದ್ಯಾರ್ಥಿಗಳಿಗೂ ದೂರವಾಣಿ ಇಂಜಿನಿಯರರಿಗೂ ಈ ಹೆಸರು ಸುಪರಿಚಿತ.

ಎರ್ಲಾಂಗನು ೧೮೭೮ರ ಜನವರಿ ೧ರಂದು ಡೆನ್ಮಾರ್ಕ್ ದೇಶದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಅಲ್ಲಿಯ ಶಾಲೆಯ ಉಪಾಧ್ಯಾಯ. ತ್ರಿಕೋಣಮಿತಿಗೆ ಟ್ಯಾಂಜೆಂಟ್ ಎಂಬ ಹೆಸರನ್ನು ತಂದುಕೊಟ್ಟ ಥಾಮಸ್ ಫಿಂಕೆ ಈತನ ತಾಯಿಯ ವಂಶದ ಪೂರ್ವಿಕ. ಸಂಜೆ ಅಣ್ಣನು ಪುಸ್ತಕ ಹಿಡಿದು ಕುಳಿತರೆ ಹುಡುಗ ಎರ್ಲಾಂಗ್ ಎದುರಿಗೆ ಕುಳಿತು ಅದೇ ಪುಟವನ್ನು ತಲೆಕೆಳಗಾಗಿ ಓದುತ್ತಿದ್ದನಂತೆ! ಹದಿನಾಲ್ಕನೆಯ ವಯಸ್ಸಿನಲ್ಲಿ, ವಯಸ್ಸು ಸಾಲದೆಂದು ವಿಶೇಷ ಅನುಮತಿ ಪಡೆದು ಪರೀಕ್ಷೆಗೆ ಕುಳಿತು ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದನು. ಎರಡು ವರ್ಷ ತಂದೆಯ ಶಾಲೆಯಲ್ಲೇ ಪಾಠ ಹೇಳಿ, ಅನಂತರ ವಿದ್ಯಾರ್ಥಿವೇತನದ ಬಲದಿಂದ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯ ಸೇರಿ ೧೯೦೧ರಲ್ಲಿ ಪದವಿ ಪಡೆದನು. ಮುಂದಿನ ಏಳು ವರ್ಷ ಮತ್ತೆ ಉಪಾಧ್ಯಾಯ ವೃತ್ತಿ.

ಗಣಿತಜ್ಞರ ಸಂಘದ ಸಭೆಗಳಲ್ಲಿ ಅವನಿಗೆ ಯೆನ್ಸೆನ್ ಎಂಬುವನ ಪರಿಚಯವಾಯಿತು. ಗಣಿತದಲ್ಲಿ ಇಂದಿಗೂ ಹೆಸರುಳ್ಳ ಈ ಯೆನ್ಸೆನ್, ಹೊಟ್ಟೆಪಾಡಿಗೆ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಮುಖ್ಯ ಇಂಜಿನಿಯರನಾಗಿದ್ದನು. ಅವನ ಮೂಲಕ ೧೯೦೮ರಲ್ಲಿ ಎರ್ಲಾಂಗನು ಕಂಪನಿ ಸೇರಿದನು.

ಆಗಿನ ಟೆಲಿಫೋನ್ ವಿನಿಮಯ ಕೇಂದ್ರವೂ ಒಂದು ಕೌಂಟರೇ. ಹಳ್ಳಿಯಿಂದ ಹೊರಗೆ ಹೋಗುವ ತಂತಿಗಳು ಕೆಲವೇ, ಮಾತನಾಡಬೇಕೆನ್ನುವವರು ಅನೇಕರು. ಯಾರು ಯಾವಾಗ ಕರೆ ಮಾಡುವರೋ, ಎಷ್ಟು ಹೊತ್ತು ಮಾತನಾಡುವರೋ ಹೇಳಬಲ್ಲವರಿಲ್ಲ. ತಂತಿ ಹೆಚ್ಚಿಸಿದರೆ ಖರ್ಚು, ಕಡಿಮೆ ಮಾಡಿದರೆ ಜನಕ್ಕೆ ಕಾಯುವ ಶಿಕ್ಷೆ. ಎರ್ಲಾಂಗನು ಈ ಅನಿಶ್ಚಯಕ್ಕೆ ಬೆದರದೆ ಅದನ್ನೇ ಲೆಕ್ಕದ ತಳಹದಿಯಾಗಿ ಮಾಡಿಕೊಂಡನು. ಒಬ್ಬೊಬ್ಬರ ಕರೆಯನ್ನು ಮುಂದಾಗಿ ಹೇಳಲಾಗದಿದ್ದರೂ ಗುಂಪಿನ ಕರೆಗಳು ಸಂಭವನೀಯತೆಯ ಒಂದು ನಿಯಮವನ್ನು, ಪಾಯ್ಸನ್ನನ ನಿಯಮವನ್ನು, ಅನುಸರಿಸುತ್ತವೆಂದು ೧೯೦೯ರ ಲೇಖನದಲ್ಲಿ ತೋರಿಸಿದನು. ಕಾಯುವ ಕಾಲಕ್ಕೂ, ತಂತಿ ಸಿಗದೆ ಹೋಗುವ ಕರೆಗಳಿಗೂ ೧೯೧೭ರಲ್ಲಿ ಸೂತ್ರಗಳನ್ನು ಕೊಟ್ಟನು.

ಆ ಸೂತ್ರಗಳನ್ನು ನಮ್ಮ ಊರಿನ ಕೌಂಟರಿಗೇ ಹಚ್ಚಿ ನೋಡೋಣ. ಗಂಟೆಗೆ ಸರಾಸರಿ ೧೦ ಜನ ಬರುತ್ತಾರೆ. ಒಬ್ಬರ ಕೆಲಸಕ್ಕೆ ಸರಾಸರಿ ೫ ನಿಮಿಷ. ಅಂದರೆ ಗುಮಾಸ್ತರಿಗೆ ಗಂಟೆಯಲ್ಲಿ ೫೦ ನಿಮಿಷ ಕೆಲಸ, ೧೦ ನಿಮಿಷ ಬಿಡುವು. ಆರು ನಿಮಿಷಕ್ಕೊಬ್ಬರಂತೆ ಗಡಿಯಾರ ನೋಡಿಕೊಂಡು ಬಂದು, ಎಲ್ಲರ ಕೆಲಸವೂ ಐದೇ ನಿಮಿಷಕ್ಕೆ ಮುಗಿದರೆ ಯಾರೂ ಕಾಯಬೇಕಾಗಿಲ್ಲ. ಅದು ತರ್ಕದ ಪುಸ್ತಕದ ಲೋಕ. ಜನ ತಮಗೆ ಅನುಕೂಲವಾದಾಗ ಬರುತ್ತಾರೆ, ಕೆಲಸ ಮಾತ್ರ ಸರಿಯಾಗಿ ಐದು ನಿಮಿಷವೇ ಹಿಡಿಯುತ್ತದೆ ಎಂದುಕೊಳ್ಳಿ. ಆಗ ಸರಾಸರಿ ಹನ್ನೆರಡೂವರೆ ನಿಮಿಷ ಕಾಯಬೇಕು. ಒಬ್ಬರದು ಒಂದು ನಿಮಿಷ, ಇನ್ನೊಬ್ಬರದು ಕಾಲು ಗಂಟೆ, ಹೀಗೆ ಕೆಲಸದ ಅವಧಿಯೂ ಎರ್ಲಾಂಗನು ಊಹಿಸಿದಂತೆ ಏರುಪೇರಾದರೆ ೨೫ ನಿಮಿಷ! ಗುಮಾಸ್ತರು ಸೋಮಾರಿಯಲ್ಲ, ಜನ ಹೆಚ್ಚಾಗಿಲ್ಲ. ಆದರೂ ೨೫ ನಿಮಿಷ.

ಎರಡನೆಯ ಗುಮಾಸ್ತರನ್ನು ಕೂರಿಸಿದರೆ ಅದು ಅರ್ಧಕ್ಕೆ ಇಳಿಯಬಹುದೆಂದು ನಾವು ಎಣಿಸುತ್ತೇವೆ. ಇಬ್ಬರ ಮುಂದೆಯೂ ಬೇರೆ ಬೇರೆ ಸಾಲು ಮಾಡಿದರೆ ಸುಮಾರು ಮೂರೂವರೆ ನಿಮಿಷಕ್ಕೆ ಇಳಿಯುತ್ತದೆ. ಒಂದೇ ಸಾಲು ಮಾಡಿ, ಯಾರು ಬಿಡುವಾದರೋ ಅವರಲ್ಲಿಗೆ ಕಳುಹಿಸಿದರೆ ಬರಿಯ ಒಂದು ನಿಮಿಷ. ಗುಮಾಸ್ತರು ಆಗಾಗ್ಗೆ ಸುಮ್ಮನೆ ಕುಳಿತಿರುವುದನ್ನು ಕಂಡು ಗೊಣಗುವ ನಾವು, ಆ ಬಿಡುವೇ ಸಾಲನ್ನು ಕರಗಿಸುತ್ತಿದೆಯೆಂದು ತಿಳಿಯುವುದಿಲ್ಲ. ಬಿಡುವೇ ಇಲ್ಲದಂತೆ ಹುದ್ದೆಗಳನ್ನು ಕತ್ತರಿಸುವ ಜಾಣತನದ ಬೆಲೆಯನ್ನು ಕೂಲಿ ಬಿಟ್ಟು ಬಂದವರು ತೆರುತ್ತಾರೆಂಬುದು ನನ್ನ ಅಭಿಪ್ರಾಯ.

ಎರ್ಲಾಂಗನು ಕಾಗದದ ಮೇಲಷ್ಟೇ ದುಡಿದವನಲ್ಲ. ಮೊದಮೊದಲು ಅವನ ಪ್ರಯೋಗಶಾಲೆಗೆ ಸಿಬ್ಬಂದಿ ಇರಲಿಲ್ಲ. ಕೇಬಲುಗಳನ್ನು ಅಳೆಯಲು ಕೋಪನ್‌ಹೇಗನ್ನಿನ ಬೀದಿಗಳಲ್ಲಿ ತಾನೇ ಹೊರಡುವನು. ಹಿಂದೆ ಏಣಿ ಹೊತ್ತ ಒಬ್ಬ ಆಳು. ಏಣಿ ಇಳಿಸಿ ನೆಲದ ಗುಂಡಿಯೊಳಕ್ಕೆ ಮಾಯವಾಗುವ ಈ ಮಿತಭಾಷಿಯನ್ನು ದಾರಿಹೋಕರು ಏನೆಂದುಕೊಂಡರೋ! ಅವನು ಮದುವೆಯಾಗಲಿಲ್ಲ. ಸಂಪಾದನೆ ಪುಸ್ತಕಗಳಿಗೂ ದಾನಕ್ಕೂ ಹೋಗುತ್ತಿತ್ತು. ಕಷ್ಟದಲ್ಲಿದ್ದವರು ಪ್ರಯೋಗಶಾಲೆಗೇ ಹುಡುಕಿಕೊಂಡು ಬರುತ್ತಿದ್ದರು. ಯಾರಿಗೂ ತಿಳಿಯದಂತೆ ಕೊಟ್ಟು ಕಳುಹಿಸುತ್ತಿದ್ದನು. ಖಗೋಳ ಅವನಿಗೆ ಅತಿ ಪ್ರಿಯ. ನಕ್ಷತ್ರಗಳ ಮೇಲೆ ಪದ್ಯ ಬರೆದದ್ದೂ ಉಂಟು.

ಕೀರ್ತಿ ತಾನಾಗಿ ಬಂತು. ಬ್ರಿಟಿಷ್ ಅಂಚೆ ಇಲಾಖೆ ಅವನ ಸೂತ್ರವನ್ನು ಕೈಗೊಂಡಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯ ಸಂಶೋಧಕನೊಬ್ಬನು ಅವನ ಲೇಖನಗಳನ್ನು ಮೂಲದಲ್ಲಿ ಓದಲೆಂದೇ ಡ್ಯಾನಿಷ್ ಭಾಷೆ ಕಲಿತನು. ಸುಮಾರು ಇಪ್ಪತ್ತು ವರ್ಷ ಕಾಯಿಲೆಗೆಂದು ಒಂದು ದಿನವೂ ರಜೆ ಹಾಕದ ಎರ್ಲಾಂಗನು ೧೯೨೯ರ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದನು. ಫೆಬ್ರವರಿ ೩ರಂದು ತೀರಿಕೊಂಡನು. ಆಗ ಅವನಿಗೆ ೫೧ ವರ್ಷ.

೧೯೪೬ರಲ್ಲಿ ಅಂತರರಾಷ್ಟ್ರೀಯ ದೂರವಾಣಿ ಸಮಿತಿಯು ಸಂಚಾರದ ಅಳತೆಗೆ ಅವನ ಹೆಸರನ್ನಿಟ್ಟಿತು. ಎರಡು ವರ್ಷಗಳ ಮೇಲೆ, ೧೯೪೮ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ವಿನಿಮಯ ಕೇಂದ್ರಕ್ಕೆ ಎಷ್ಟು ತಂತಿ ಬೇಕೆಂದು ಲೆಕ್ಕ ಹಾಕುವ ಇಂಜಿನಿಯರರಿಗೆ ಈ ಅಳತೆ ನಿತ್ಯದ ಮಾತು. ಒಂದು ತಂತಿ ಗಂಟೆಯಿಡೀ ಬಿಡುವಿಲ್ಲದೆ ನಡೆದರೆ ಅದು ಒಂದು ಎರ್ಲಾಂಗ್. ಮೇಲೆ ಹೇಳಿದ ನಮ್ಮ ಕೌಂಟರಿನ ಕೆಲಸ ಆ ಅಳತೆಯಲ್ಲಿ ಆರರಲ್ಲಿ ಐದು ಪಾಲು.