ಆಟದ ಕಷ್ಟಸುಖ: ಗುನ್ಪೇ ಯೊಕೊಯ್ ಅವರ ಜೀವನ

ನಮ್ಮ ಮನೆಯ ಅಟ್ಟದ ಮೇಲಿರುವ ತಗಡಿನ ಪೆಟ್ಟಿಗೆಯಲ್ಲಿ ನನ್ನ ಚಿಕ್ಕಪ್ಪನವರ ಆಟದ ಯಂತ್ರವೊಂದಿದೆ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲೊಂದು ಬೂದುಬಣ್ಣದ ಪುಟ್ಟ ಪರದೆ, ಕೆಳಗೆ ನಾಲ್ಕಾರು ಗುಂಡಿಗಳು. ಸೆಲ್ಲು ಹಾಕಿದರೆ ಮೇಲಿನಿಂದ ಇಟ್ಟಿಗೆಗಳು ಬೀಳತೊಡಗುತ್ತವೆ. ಅವನ್ನು ತಿರುಗಿಸಿ ಸಂದಿಯಿಲ್ಲದಂತೆ ಸಾಲು ಜೋಡಿಸಬೇಕು. ಸಾಲು ತುಂಬಿದರೆ ಕರಗುತ್ತದೆ. ತುಂಬದಿದ್ದರೆ ಗೋಡೆ ಬೆಳೆದು ನೆತ್ತಿ ಮುಟ್ಟಿ ಆಟ ಮುಗಿಯುತ್ತದೆ. ಚಿಕ್ಕಪ್ಪನವರು ಹುಡುಗರಾಗಿದ್ದಾಗ ಊರ ಜಾತ್ರೆಯಲ್ಲಿ ಕೊಂಡದ್ದು ಅದು.

೨೦೨೪ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆಗೆ ಕೂರುವ ಅವಕಾಶ ದೊರೆಯಿತು. ನನ್ನ ತಂಗಿ ಮೊದಲನೆಯ ಸಲ ಗಣಿತದಲ್ಲಿ ಅನುತ್ತೀರ್ಣಳಾಗಿ, ಎರಡನೆಯ ಸಲ ಕುಳಿತು ತೇರ್ಗಡೆಯಾದಳು. ಫಲಿತಾಂಶ ಬಂದ ರಾತ್ರಿ ಊಟಕ್ಕೆ ಕುಳಿತಾಗ ಚಿಕ್ಕಪ್ಪನವರು ನಗುತ್ತ, ಈಗಿನ ಪರೀಕ್ಷೆಯೂ ಮೊಬೈಲಿನ ಆಟದಂತೆಯೇ ಆಗಿದೆ, ಎಷ್ಟು ಸಲ ಸತ್ತರೂ ಎದ್ದು ಬರಬಹುದು, ನಮ್ಮ ಕಾಲದಲ್ಲಿ ಒಮ್ಮೆ ಸತ್ತರೆ ಮುಗಿಯಿತು ಎಂದರು. ತಂಗಿ ಅರ್ಧ ಊಟದಲ್ಲಿ ಎದ್ದುಹೋದಳು. ಚಿಕ್ಕಪ್ಪನವರು ಕೆಟ್ಟವರಲ್ಲ. ಅವರೂ ಗಣಿತದಲ್ಲಿಯೇ ಒಮ್ಮೆ ಸೋತು ಪುಸ್ತಕ ಕಟ್ಟಿಟ್ಟವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ನನ್ನ ಫೀಸು ಕಟ್ಟಿದ ಕೈಗಳಲ್ಲಿ ಅವರದೂ ಒಂದು. ಆದುದರಿಂದ ಎದುರಾಡಲು ನನಗೆ ಬಾಯಿ ಬರಲಿಲ್ಲ. ಆದರೆ ಪ್ರಶ್ನೆಯು ಮನಸ್ಸಿನಲ್ಲಿ ಉಳಿಯಿತು. ಹಳೆಯ ಆಟಗಳು ನಿಜವಾಗಿಯೂ ಕಷ್ಟವಾಗಿದ್ದುವೆ? ಹೊಸವು ಸುಲಭವೆ? ಅಂಗೈಯಲ್ಲಿ ಹಿಡಿದು ಆಡುವ ಆಟಗಳ ಮೂಲವನ್ನು ಹುಡುಕುತ್ತ ಹೋದಾಗ ನನಗೆ ದೊರೆತದ್ದು ಜಪಾನ್ ದೇಶದ ಗುನ್ಪೇ ಯೊಕೊಯ್ ಅವರ ಜೀವನ. ಅದನ್ನೇ ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಯೊಕೊಯ್ ಅವರು ೧೯೪೧ರ ಸೆಪ್ಟೆಂಬರ್ ೧೦ರಂದು ಕ್ಯೋಟೋ ನಗರದಲ್ಲಿ ಜನಿಸಿದರು. ಅಲ್ಲಿಯ ದೋಶಿಶಾ ವಿಶ್ವವಿದ್ಯಾನಿಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ತರಗತಿಯಲ್ಲಿ ಅವರು ಮುಂದಿನ ಸಾಲಿನವರಲ್ಲ. ಹೆಸರಾಂತ ದೊಡ್ಡ ಕಂಪನಿಗಳು ಅವರನ್ನು ತೆಗೆದುಕೊಳ್ಳಲಿಲ್ಲ. ೧೯೬೫ರಲ್ಲಿ ತಮ್ಮ ಊರಿನಲ್ಲಿಯೇ ಇದ್ದ ನಿಂಟೆಂಡೊ ಎಂಬ ಸಂಸ್ಥೆಯನ್ನು ಸೇರಿದರು. ಇಂದು ಜಗತ್ತೆಲ್ಲ ಬಲ್ಲ ಆ ಸಂಸ್ಥೆಯು ೧೮೮೯ರಲ್ಲಿ ಹನಾಫುದಾ ಎಂಬ ಹೂಚಿತ್ರಗಳ ಇಸ್ಪೀಟೆಲೆಗಳನ್ನು ಮಾಡಲೆಂದು ಹುಟ್ಟಿದ್ದು. ಎಲೆಗಳನ್ನು ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದೇ ಯೊಕೊಯ್ ಅವರ ಉದ್ಯೋಗವಾಗಿತ್ತು.

ಯಂತ್ರಗಳು ಸರಿಯಾಗಿ ಓಡುತ್ತಿದ್ದರೆ ಅವರಿಗೆ ಕೆಲಸವಿಲ್ಲ. ಆ ಬಿಡುವಿನಲ್ಲಿ ಅವರು ತಮ್ಮ ಮನೋರಂಜನೆಗಾಗಿ ಒಂದು ಆಟಿಕೆಯನ್ನು ಮಾಡಿಕೊಂಡರು. ಕತ್ತರಿಯಂತೆ ಹೆಣೆದ ಪಟ್ಟಿಗಳ ಉದ್ದನೆಯ ಕೈ ಅದು. ಹಿಡಿಯನ್ನು ಒತ್ತಿದರೆ ಮುಂದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುತ್ತಿತ್ತು. ಸಂಸ್ಥೆಯ ಅಧ್ಯಕ್ಷರಾದ ಹಿರೋಶಿ ಯಮೌಚಿ ಅವರ ಕಣ್ಣಿಗೆ ಅದು ಬಿದ್ದಿತು. ಕೆಲಸದ ಹೊತ್ತಿನಲ್ಲಿ ಆಟವಾಡಿದ್ದಕ್ಕೆ ಬೈಗಳು ತಿನ್ನಬೇಕಾಗಿದ್ದ ನೌಕರನಿಗೆ, ಅದನ್ನೇ ಮಾರಾಟದ ಸರಕಾಗಿ ಮಾಡಬೇಕೆಂಬ ಆಜ್ಞೆ ದೊರೆಯಿತು. ೧೯೬೬ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಹೊರಬಂದ ಆ ಕೈ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಯಂತ್ರ ಕಾಯುತ್ತಿದ್ದವರು ಆಟಿಕೆ ಕಟ್ಟುವವರಾದರು.

ಅವರ ಕೆಲಸದ ಹಿಂದೆ ಒಂದು ತತ್ತ್ವವಿದ್ದಿತು. ಹೊಚ್ಚ ಹೊಸ ತಂತ್ರವು ದುಬಾರಿ; ಅದರ ಗುಣದೋಷಗಳು ಇನ್ನೂ ತಿಳಿದಿರುವುದಿಲ್ಲ. ಹಳತಾಗಿ ಪಳಗಿದ ತಂತ್ರವಾದರೋ ಅಗ್ಗ, ನಂಬಿಕೆಗೆ ಅರ್ಹ. ಅಂತಹ ಹಳೆಯದನ್ನೇ ತೆಗೆದುಕೊಂಡು ಯಾರೂ ಎಣಿಸದ ಕಡೆಗೆ ತಿರುಗಿಸಬೇಕು ಎಂಬುದು ಅವರ ಮಾರ್ಗ. ಬಿಸಿಲಿನಿಂದ ವಿದ್ಯುತ್ತು ತಯಾರಿಸುವ ಸೌರಕೋಶವನ್ನು ಅವರು ೧೯೭೦ರಲ್ಲಿ ಆಟದ ಬಂದೂಕಿನ ಗುರಿಹಲಗೆಯಾಗಿ ಬಳಸಿದುದು ಈ ಮಾರ್ಗಕ್ಕೆ ಉದಾಹರಣೆ. ಬಂದೂಕು ಬೆಳಕನ್ನು ಹಾರಿಸಬೇಕು, ಕೋಶವು ಅದನ್ನು ಕಂಡುಹಿಡಿಯಬೇಕು, ಅಷ್ಟೆ.

ಒಮ್ಮೆ ಅವರು ಷಿಂಕಾನ್ಸೆನ್ ಎಂಬ ವೇಗದ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ, ದಣಿದ ಉದ್ಯೋಗಿಯೊಬ್ಬರು ಹೊತ್ತು ಕಳೆಯಲು ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದುದನ್ನು ಕಂಡರು. ದೊಡ್ಡವರೂ ಯಾರಿಗೂ ಕಾಣದಂತೆ ಕೈಯೊಳಗಿಟ್ಟು ಆಡಬಹುದಾದ ಒಂದು ಪುಟ್ಟ ಆಟವೇಕೆ ಇರಬಾರದು ಎಂದು ಅವರಿಗೆ ಹೊಳೆಯಿತು. ಮುಂದೊಂದು ದಿನ ಅಧ್ಯಕ್ಷರ ಕಾರಿನ ಚಾಲಕ ಬಾರದಿದ್ದಾಗ ಯೊಕೊಯ್ ಅವರೇ ಕಾರು ನಡೆಸಬೇಕಾಯಿತು; ದಾರಿಯಲ್ಲಿ ಈ ಯೋಚನೆಯನ್ನು ಹೇಳಿದರು. ಅಧ್ಯಕ್ಷರು ಹೆಚ್ಚೇನೂ ಮಾತಾಡಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಕ್ಯಾಲ್ಕ್ಯುಲೇಟರ್ ತಯಾರಿಸುವ ಶಾರ್ಪ್ ಕಂಪನಿಯವರು ಮಾತುಕತೆಗೆ ಬಂದರು. ಹೀಗೆ ೧೯೮೦ರಲ್ಲಿ ಗೇಮ್ ಆ್ಯಂಡ್ ವಾಚ್ ಹುಟ್ಟಿತು. ಆಟವೂ ಹೌದು, ಗಡಿಯಾರವೂ ಹೌದು. ಆ ಬಗೆಯ ಯಂತ್ರಗಳು ಒಟ್ಟು ನಾಲ್ಕು ಕೋಟಿಗೂ ಮೀರಿ ಮಾರಾಟವಾದುವು.

ಇಲ್ಲಿಂದ ನನ್ನ ಪ್ರಶ್ನೆಗೆ ಉತ್ತರ ಸಿಗಲಾರಂಭಿಸಿತು. ಆ ಸರಣಿಯ ಮೊದಲನೆಯ ಆಟದ ಹೆಸರು ಬಾಲ್. ಒಬ್ಬ ಮನುಷ್ಯ ಚೆಂಡುಗಳನ್ನು ಮೇಲಕ್ಕೆ ಎಸೆಯುತ್ತ ಹಿಡಿಯುತ್ತ ನಿಂತಿರುತ್ತಾನೆ. ‘ಎ’ ಎಂಬ ಗುಂಡಿ ಒತ್ತಿದರೆ ೨ ಚೆಂಡು, ‘ಬಿ’ ಒತ್ತಿದರೆ ೩. ಆಟವು ಹೋಗುತ್ತ ಹೋಗುತ್ತ ವೇಗವಾಗುತ್ತದೆ. ಒಂದು ಚೆಂಡು ಕೈತಪ್ಪಿದರೆ ಮುಗಿಯಿತು. ಇಷ್ಟು ನಿಷ್ಠುರ ಏಕೆ? ಕಾರಣ ಯಂತ್ರದಲ್ಲಿಯೇ ಇದೆ. ಆ ಪರದೆಯಲ್ಲಿ ಮೂಡುವ ಪ್ರತಿಯೊಂದು ಆಕೃತಿಯೂ ಮೊದಲೇ ಅಚ್ಚಾದದ್ದು; ಅದನ್ನು ತೋರಿಸಬಹುದು ಅಥವಾ ಮರೆಸಬಹುದು, ಹೊಸದೊಂದನ್ನು ಬರೆಯಲಾಗದು. ಅಂತಹ ಬಡಯಂತ್ರಕ್ಕೆ ಹೊಸ ದೇಶ, ಹೊಸ ಕಥೆ ತೋರಿಸುವ ಶಕ್ತಿಯಿಲ್ಲ. ವೇಗ ಹೆಚ್ಚಿಸುವುದೊಂದೇ ಅದಕ್ಕೆ ಗೊತ್ತು. ಹಳೆಯ ಆಟದ ಕಷ್ಟದಲ್ಲಿ ಒಂದು ಪಾಲು ಹೀಗೆ ಬಡತನದ್ದು. ಆದರೂ ಹೊಸಬನಿಗೊಂದು, ನುರಿತವನಿಗೊಂದು ಎಂದು ಎರಡು ಗುಂಡಿಗಳನ್ನು ಯೊಕೊಯ್ ಅವರ ಯಂತ್ರವು ಮೊದಲೇ ಇಟ್ಟಿತ್ತೆಂಬುದನ್ನು ಮರೆಯಬಾರದು. ಸುಲಭದ ದಾರಿ ಈಗಿನವರು ಕಂಡುಹಿಡಿದುದಲ್ಲ.

ಇನ್ನೊಂದು ಪಾಲು ಗಲ್ಲಾಪೆಟ್ಟಿಗೆಯದು. ಆಗ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳಿದ್ದುವು. ೧೯೮೧ರಲ್ಲಿ ಶಿಗೇರು ಮಿಯಾಮೊಟೊ ಎಂಬ ತರುಣ ಕಲಾವಿದರು ಯೊಕೊಯ್ ಅವರ ಮೇಲ್ವಿಚಾರಣೆಯಲ್ಲಿ ಡಾಂಕಿ ಕಾಂಗ್ ಎಂಬ ಆಟವನ್ನು ರಚಿಸಿದರು. ಪೀಪಾಯಿಗಳನ್ನು ಹಾರಿ ಏಣಿಗಳನ್ನೇರುವ ಆ ಪುಟ್ಟ ಮನುಷ್ಯನೇ ಮುಂದೆ ಮಾರಿಯೋ ಎಂದು ಪ್ರಸಿದ್ಧನಾದ. ನಾಣ್ಯದ ಯಂತ್ರದ ಮುಂದೆ ಒಬ್ಬನೇ ಗಂಟೆಗಟ್ಟಲೆ ನಿಂತರೆ ಅಂಗಡಿಯವನಿಗೆ ನಷ್ಟ. ಆಟ ಬೇಗ ಮುಗಿಯಬೇಕು, ಇನ್ನೊಂದು ನಾಣ್ಯ ಬೀಳಬೇಕು. ಆ ಕಾಠಿಣ್ಯವನ್ನು ಕೇವಲ ಕಲೆಯೆಂದು ಹೊಗಳುವವರು ವ್ಯಾಪಾರವನ್ನು ಮರೆತಿದ್ದಾರೆ.

ಮರುವರ್ಷ, ೧೯೮೨ರಲ್ಲಿ, ಅದೇ ಆಟವನ್ನು ಅಂಗೈಗೆ ಇಳಿಸುವಾಗ ಯೊಕೊಯ್ ಅವರು ದಿಕ್ಕು ತೋರಿಸಲು ಕೂಡಿಸುವ ಗುರುತಿನ ಆಕಾರದ ಒಂದೇ ಗುಂಡಿಯನ್ನು ರೂಪಿಸಿದರು. ಕಣ್ಣು ಪರದೆಯ ಮೇಲಿದ್ದರೂ ಹೆಬ್ಬೆರಳಿಗೆ ದಿಕ್ಕು ತಿಳಿಯುತ್ತದೆ. ಅಂದಿನಿಂದ ಇಂದಿನವರೆಗೆ ಆಟದ ಹಿಡಿಗಳಲ್ಲಿ ಆ ಆಕಾರ ಉಳಿದುಬಂದಿದೆ. ಆಟದೊಳಗಿನ ಏಣಿಯು ಕಷ್ಟವಾಗಿರಲಿ, ಆದರೆ ಗುಂಡಿಯು ಕಷ್ಟವಾಗಬಾರದು ಎಂಬ ವಿವೇಕ ಅದರಲ್ಲಿದೆ. ಕೈಗೆ ಸುಲಭವಾಗುವುದು ಬೇರೆ, ಗೆಲವು ಸುಲಭವಾಗುವುದು ಬೇರೆ.

೧೯೮೬ರಲ್ಲಿ ಅವರ ನಿರ್ಮಾಣದಲ್ಲಿ ಮೆಟ್ರಾಯ್ಡ್ ಎಂಬ ಆಟ ಬಂದಿತು. ದೂರದ ಗ್ರಹವೊಂದರ ಗುಹೆಗಳಲ್ಲಿ ದಾರಿ ಹುಡುಕುವ ಕಥೆ. ನಕ್ಷೆಯಿಲ್ಲ. ಜಪಾನಿನಲ್ಲಿ ಆಟವನ್ನು ನಿಲ್ಲಿಸಿದಲ್ಲಿಗೆ ಡಿಸ್ಕಿನಲ್ಲಿ ಉಳಿಸಿಡಬಹುದಾಗಿತ್ತು. ಅಮೆರಿಕದಲ್ಲಿ ಮಾರಾಟವಾದ ಕ್ಯಾಸೆಟ್ಟಿನಲ್ಲಿ ಅದೂ ಇರಲಿಲ್ಲ. ಅಲ್ಲಿ ೨೪ ಅಕ್ಷರಗಳ ಸಂಕೇತವನ್ನು ಚೀಟಿಯಲ್ಲಿ ಬರೆದಿಟ್ಟು, ಮರುದಿನ ಒಂದೂ ತಪ್ಪದೆ ಒತ್ತಬೇಕಾಗಿತ್ತು. ೨೦೦೪ರಲ್ಲಿ ಇದೇ ಆಟವನ್ನು ಹೊಸದಾಗಿ ರಚಿಸಿದರು. ಅದರಲ್ಲಿ ನಕ್ಷೆ ಬಂದಿತು, ಮುಂದೆ ಹೋಗಬೇಕಾದ ಸ್ಥಳದ ಗುರುತು ಬಂದಿತು, ಸುಲಭವಾಗಿ ಆಡುವ ಆಯ್ಕೆಯೂ ಬಂದಿತು. ಹೊಸದನ್ನು ಮುಗಿಸಿದವರಿಗೆ ಅದರೊಳಗೇ ಹಳೆಯ ಆಟವೂ ತೆರೆಯುತ್ತದೆ! ಹಳತು ಹೊಸತು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಡ. ಹೊಸದು ಸುಲಭವೆನ್ನುವುದು ದಿಟ. ಆದರೆ ಹೆಚ್ಚಾಗಿ ಕಡಿಮೆಯಾದದ್ದು ಯಾವುದು? ದಾರಿ ತಪ್ಪಿ ಅಲೆಯುವ ದಣಿವು, ಚೀಟಿ ಕಳೆದುಕೊಳ್ಳುವ ಭಯ. ಶತ್ರುವಿನೆದುರು ನಿಲ್ಲುವ ಕೆಲಸವನ್ನು ಆಡುವವನೇ ಮಾಡಬೇಕು.

೧೯೮೯ರಲ್ಲಿ ಯೊಕೊಯ್ ಅವರ ತಂಡದಿಂದ ಗೇಮ್ ಬಾಯ್ ಹೊರಬಂದಿತು. ಅದರ ಪರದೆಯಲ್ಲಿ ಬಣ್ಣವಿಲ್ಲ, ಹಿಂದಿನಿಂದ ಬೆಳಕಿಲ್ಲ, ನಾಲ್ಕೇ ಛಾಯೆಗಳು. ಅದೇ ಕಾಲದಲ್ಲಿ ಬಣ್ಣದ ಪರದೆಯ ಎದುರಾಳಿಗಳು ಬಂದರು. ಆದರೆ ಅವು ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಬರಿದುಮಾಡುತ್ತಿದ್ದುವು. ಗೇಮ್ ಬಾಯ್ ನಾಲ್ಕು ಸೆಲ್ಲುಗಳಲ್ಲಿ ಬಹುಕಾಲ ನಡೆಯಿತು. ಮುಂದೆ ಬಂದ ಅದರ ಬಣ್ಣದ ರೂಪವನ್ನೂ ಕೂಡಿಸಿದರೆ ಸುಮಾರು ೧೧ ಕೋಟಿ ೮೭ ಲಕ್ಷ ಯಂತ್ರಗಳು ಮಾರಾಟವಾದುವು. ೧೯೮೪ರಲ್ಲಿ ಮಾಸ್ಕೋ ನಗರದ ಅಲೆಕ್ಸೆಯ್ ಪಾಜಿಟ್ನೊವ್ ರಚಿಸಿದ್ದ ಟೆಟ್ರಿಸ್ ಆಟವು ಈ ಯಂತ್ರದ ಮೂಲಕ ಕೋಟ್ಯಂತರ ಕೈಗಳನ್ನು ಸೇರಿತು. ನಮ್ಮ ಚಿಕ್ಕಪ್ಪನವರ ಡಬ್ಬಿಯಲ್ಲಿ ಬೀಳುವ ಇಟ್ಟಿಗೆಗಳು ಆ ಟೆಟ್ರಿಸ್ಸಿನ ವಂಶದವೇ. ಗೇಮ್ ಬಾಯ್‌ನ ಟೆಟ್ರಿಸ್ಸಿನಲ್ಲಿ ೦ಯಿಂದ ೯ರವರೆಗೆ ಎಷ್ಟು ವೇಗದಿಂದ ಆರಂಭಿಸಬೇಕೆಂಬುದನ್ನು ಆಡುವವನೇ ಆರಿಸಿಕೊಳ್ಳಬಹುದಾಗಿತ್ತು.

ಮಹಾನುಭಾವರ ಜೀವನದಲ್ಲಿ ಗೆಲವನ್ನಷ್ಟೇ ಹೇಳಿ ಸೋಲನ್ನು ಮುಚ್ಚುವುದು ನ್ಯಾಯವಲ್ಲ. ೧೯೯೫ರಲ್ಲಿ ಯೊಕೊಯ್ ಅವರ ವರ್ಚುವಲ್ ಬಾಯ್ ಮಾರುಕಟ್ಟೆಗೆ ಬಂದಿತು. ಕಣ್ಣನ್ನು ಯಂತ್ರಕ್ಕೆ ಒತ್ತಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಕೆಂಪು ಗೆರೆಗಳ ಆಳವುಳ್ಳ ಲೋಕ ಕಾಣುತ್ತಿತ್ತು. ಜನ ಮೆಚ್ಚಲಿಲ್ಲ. ಎಂಟು ಲಕ್ಷವೂ ಮಾರಾಟವಾಗಲಿಲ್ಲ. ವರ್ಷ ತುಂಬುವುದರೊಳಗೆ ನಿಂತುಹೋಯಿತು. ೧೯೯೬ರ ಆಗಸ್ಟಿನಲ್ಲಿ, ೩೧ ವರ್ಷ ದುಡಿದ ಸಂಸ್ಥೆಯನ್ನು ಬಿಟ್ಟು ಅವರು ಹೊರಬಂದರು. ಆಗ ಅವರಿಗೆ ಸುಮಾರು ೫೫ ವರ್ಷ. ಮನೆಯಲ್ಲಿ ಕೂರಲಿಲ್ಲ. ಕೋಟೋ ಎಂಬ ತಮ್ಮದೇ ಚಿಕ್ಕ ಸಂಸ್ಥೆಯನ್ನು ಕಟ್ಟಿ ಮತ್ತೊಂದು ಅಂಗೈಯಂತ್ರದ ಕೆಲಸಕ್ಕೆ ಕೈಹಾಕಿದರು. ೧೯೯೭ರ ಅಕ್ಟೋಬರ್ ೪ರಂದು ಹೊಕುರಿಕು ಹೆದ್ದಾರಿಯಲ್ಲಿ ಅವರಿದ್ದ ಕಾರಿಗೆ ಅಪಘಾತವಾಯಿತು. ಏನಾಯಿತೆಂದು ನೋಡಲು ಕೆಳಗಿಳಿದವರಿಗೆ ಮತ್ತೊಂದು ಕಾರು ಬಡಿದು ಅವರು ತೀರಿಕೊಂಡರು. ವಯಸ್ಸು ೫೬. ಅವರು ಕೈಹಾಕಿದ್ದ ಯಂತ್ರವು ವಂಡರ್‌ಸ್ವಾನ್ ಎಂಬ ಹೆಸರಿನಲ್ಲಿ ೧೯೯೯ರಲ್ಲಿ ಬಂದಿತು. ಅದು ಒಂದೇ ಒಂದು ಸೆಲ್ಲಿನಿಂದ ನಡೆಯುತ್ತಿತ್ತು. ಅದರ ಆಟವೊಂದಕ್ಕೆ ಗುನ್ಪೇ ಎಂದು ಅವರ ಹೆಸರನ್ನೇ ಇಟ್ಟರು.

ಅವರ ಕಾಲಾನಂತರ ಆಟಗಳ ಸ್ವರೂಪ ಬಹಳ ಬದಲಾಗಿದೆ. ೨೦೦೯ರ ಮಾರಿಯೋ ಆಟವೊಂದರಲ್ಲಿ ಒಂದೇ ಘಟ್ಟದಲ್ಲಿ ಎಂಟು ಸಲ ಸೋತವನಿಗೆ ದಾರಿ ತೋರಿಸಲು ಯಂತ್ರವೇ ಮುಂದೆ ಬರುತ್ತದೆ. ೨೦೧೮ರ ಸೆಲೆಸ್ಟ್ ಎಂಬ ಆಟದಲ್ಲಿ ಪರ್ವತವನ್ನೇರುವ ಹುಡುಗಿ ಬಿದ್ದರೆ, ಬಿದ್ದ ಕೋಣೆಯ ಬಾಗಿಲಿನಿಂದಲೇ ಕೂಡಲೆ ಮತ್ತೆ ಹೊರಡಬಹುದು. ಹಾಗೆಂದು ಆ ಆಟ ಸುಲಭವಲ್ಲ. ಆಡುವವರು ನೂರಾರು ಸಲ ಬೀಳುತ್ತಾರೆ. ಬಿದ್ದವನು ಬೆಟ್ಟದ ಬುಡಕ್ಕೆ ಹಿಂತಿರುಗಬೇಕಾಗಿಲ್ಲವೆಂಬ ಧೈರ್ಯದಿಂದಲೇ ರಚಿಸಿದವರು ಪ್ರತಿಯೊಂದು ಕೋಣೆಯನ್ನೂ ಅಷ್ಟು ಕಡಿದಾಗಿ ಕಟ್ಟಿದ್ದಾರೆ. ಇನ್ನೊಂದು ಕಡೆ ಹಳೆಯ ಗಲ್ಲಾಪೆಟ್ಟಿಗೆಯೂ ವೇಷ ಬದಲಿಸಿ ಬಂದಿದೆ. ೨೦೧೨ರ ಕ್ಯಾಂಡಿ ಕ್ರಷ್‌ನಲ್ಲಿ ಐದು ಪ್ರಾಣಗಳು ಮುಗಿದರೆ ಒಂದು ಪ್ರಾಣಕ್ಕಾಗಿ ಅರ್ಧ ಗಂಟೆ ಕಾಯಬೇಕು. ಕಾಯಲಾರದವನು ಹಣ ತೆರಬೇಕು. ಆದುದರಿಂದ ಹಳೆಯದೆಲ್ಲ ಕಷ್ಟ, ಹೊಸದೆಲ್ಲ ಸುಲಭ ಎಂದು ಗೆರೆ ಎಳೆಯಲಾಗದು. ಸೋತವನು ನಡೆಯಬೇಕಾದ ಹಿಂದಾರಿ ಇಂದು ಗಿಡ್ಡವಾಗಿದೆ. ಗೆಲ್ಲಬೇಕಾದವನ ಮುಂದಾರಿ ಗಿಡ್ಡವಾಗಿಲ್ಲ. ಯೊಕೊಯ್ ಅವರ ಬಾಳಿನಿಂದ ನಾನು ತಿಳಿದದ್ದು ಇಷ್ಟು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅಟ್ಟದಿಂದ ಆ ಡಬ್ಬಿಯನ್ನು ಇಳಿಸಿ, ಸೆಲ್ಲು ಹಾಕಿ ಚಿಕ್ಕಪ್ಪನವರ ಕೈಗೆ ಕೊಟ್ಟೆ. ಅವರು ಇಟ್ಟಿಗೆ ಜೋಡಿಸುತ್ತಿರುವಾಗ ಈ ಕಥೆಯನ್ನೆಲ್ಲ ಹೇಳಿದೆ. ತಂಗಿಗೆ ಸಿಕ್ಕಿದ್ದು ಇನ್ನೊಂದು ಬಾಗಿಲು ಮಾತ್ರ, ಒಳಗಿನ ಲೆಕ್ಕಗಳನ್ನು ಅವಳೇ ಬಿಡಿಸಿದಳು ಎಂದೆ. ತಂಗಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಚಿಕ್ಕಪ್ಪನವರು ಮಾತಾಡಲಿಲ್ಲ. ಗೋಡೆ ನೆತ್ತಿ ಮುಟ್ಟಿ ಆಟ ಮುಗಿದಾಗ ಡಬ್ಬಿಯನ್ನು ಕೆಳಗಿಟ್ಟು, ತಮ್ಮಷ್ಟು ವಯಸ್ಸಾದವರನ್ನು ಆ ಪರೀಕ್ಷೆಗೆ ಕೂರಿಸುತ್ತಾರೆಯೆ ಎಂದು ಕೇಳಿದರು. ವಿಚಾರಿಸಿ ಹೇಳುತ್ತೇನೆಂದೆ. ಅವರು ತಂಗಿಯನ್ನು ಕರೆದು, ಅವಳ ಗಣಿತದ ಪುಸ್ತಕ ಇನ್ನೂ ಮನೆಯಲ್ಲಿದೆಯೆ ಎಂದು ಕೇಳಿದರು. ಅವಳು ಹೋಗಿ ತಂದುಕೊಟ್ಟಳು.