ಚಿತ್ರಕಾರ ಕೆ. ವೆಂಕಟಪ್ಪನವರು ಮತ್ತು ಅವರ ಚಿತ್ರಗಳ ಮನೆ

ಬೋಧನಾಭ್ಯಾಸಕ್ಕೆಂದು ಅಥಣಿ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದಾಗ ಏಳನೆಯ ತರಗತಿಯ ಮಕ್ಕಳಿಗೆ ತಮ್ಮ ಊರಿನ ಚಿತ್ರ ಬರೆಯಲು ಹೇಳಿದೆ. ಹೆಚ್ಚಿನವರು ಎರಡು ಮುಕ್ಕೋನದ ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಂಡೆಗೆ ತೆಂಗಿನ ಮರ ಬರೆದು ಕೊಟ್ಟರು. ಕಿಟಕಿಯ ಹೊರಗೆ ಕಬ್ಬಿನ ಹೊಲವಿತ್ತು, ಜಾಲಿ ಗಿಡಗಳಿದ್ದವು, ಕಣ್ಣಿಗೆ ಎಟಕುವವರೆಗೆ ಎರೆಮಣ್ಣಿನ ಬಯಲಿತ್ತು. ಅವು ಯಾರ ಹಾಳೆಯಲ್ಲಿಯೂ ಬರಲಿಲ್ಲ. ತಪ್ಪು ಮಕ್ಕಳದಲ್ಲ. ಬರೆಯುವ ಮೊದಲು ನೋಡಬೇಕು ಎಂಬುದನ್ನು ನಾನೇ ಹೇಳಿರಲಿಲ್ಲ. ಮರುದಿನದ ಪಾಠಕ್ಕೆ ನೋಡುವುದನ್ನೇ ಜೀವನ ಮಾಡಿಕೊಂಡ ಒಬ್ಬ ಕನ್ನಡ ನಾಡಿನ ಕಲಾವಿದರ ಕಥೆಯನ್ನು ಆರಿಸಿಕೊಂಡೆ. ಅವರೇ ಕೆ. ವೆಂಕಟಪ್ಪನವರು.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಅರಮನೆಗಾಗಿ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನ ಅವರದು. ಬಣ್ಣ ಅರೆಯುವುದು, ಕುಂಚ ಹಿಡಿಯುವುದು ಮನೆಯಲ್ಲಿಯೇ ಬಂದ ವಿದ್ಯೆ. ಹುಡುಗನ ಕೈಚಳಕ ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂತು. ಅವರ ಆಶ್ರಯದಿಂದ 1909ರಲ್ಲಿ ವೆಂಕಟಪ್ಪನವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಸೇರಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು. ನಂದಲಾಲ ಬೋಸ್, ಅಸಿತ್ ಕುಮಾರ್ ಹಲ್ದಾರ್ ಮೊದಲಾದವರು ಸಹಪಾಠಿಗಳು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣ ಕಥೆಗಳ ಪುಸ್ತಕಕ್ಕೆ ಚಿತ್ರ ಬರೆದ ಶಿಷ್ಯರಲ್ಲಿ ವೆಂಕಟಪ್ಪನವರೂ ಒಬ್ಬರು. ಅದರಲ್ಲಿ ರಾಮಾಯಣದ ಪ್ರಸಂಗಗಳು ಅವರ ಪಾಲಿಗೆ ಬಂದವು.

1916ರಲ್ಲಿ ಮೈಸೂರಿಗೆ ಮರಳಿದ ಮೇಲೆ ಅವರು ಗುರುವಿನ ದಾರಿಯಲ್ಲಿಯೇ ನಿಲ್ಲಲಿಲ್ಲ. ಪುರಾಣದ ಚಿತ್ರಗಳಿಂದ ಪ್ರಕೃತಿಯ ಚಿತ್ರಗಳ ಕಡೆಗೆ ಹೊರಳಿದರು. 1926ರ ಸುಮಾರಿಗೆ ಊಟಿಯಲ್ಲಿ, ಮುಂದಿನ ದಶಕದಲ್ಲಿ ಕೊಡೈಕನಾಲಿನಲ್ಲಿ ಅವರು ಬರೆದ ಜಲವರ್ಣ ಚಿತ್ರಗಳೇ ಅವರ ಹೆಸರನ್ನು ಇಂದಿಗೂ ಉಳಿಸಿವೆ. ಚಿತ್ರಗಳ ಅಳತೆ ಬಹಳ ದೊಡ್ಡದಲ್ಲ. ಆದರೆ ಚದುರುತ್ತಿರುವ ಮುಂಗಾರಿನ ಮೋಡ, ಕೆರೆಯ ನೀರಿನ ಮೇಲಿನ ಬೆಳಕು, ಬೆಳದಿಂಗಳಲ್ಲಿ ಮಲಗಿದ ಬೆಟ್ಟ ಇವುಗಳನ್ನು ಅವರು ಒಂದೊಂದಾಗಿ ಬೇರೆ ಮಾಡಿ ನೋಡಿದ್ದಾರೆ. ಬೆಟ್ಟ ಅದೇ ಇದ್ದರೂ ಬೆಳಗಿನದು ಬೇರೆ, ರಾತ್ರಿಯದು ಬೇರೆ, ಮಳೆ ನಿಂತ ಗಳಿಗೆಯದು ಬೇರೆ. ತರಗತಿಯಲ್ಲಿ ಮಕ್ಕಳಿಗೆ ತಿಳಿಸಬೇಕಾದ ಮುಖ್ಯ ಅಂಶ ಇದೇ.

ಅವರ ಆಸಕ್ತಿ ಚಿತ್ರಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಆ ಹುಚ್ಚನ್ನೇ ವಸ್ತುವಾಗಿಸಿ, ತಮ್ಮನ್ನು ತಾವೇ ಚಿತ್ರಿಸಿಕೊಂಡರು. ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು. ಮದುವೆಯಾಗಲಿಲ್ಲ. ದಿನಚರಿಯನ್ನು ಶಿಸ್ತಿನಿಂದ ಬರೆದಿಟ್ಟರು. ತಮ್ಮ ಕೆಲಸದ ಬೆಲೆಯ ವಿಷಯದಲ್ಲಿ ಯಾರಿಗೂ ಬಾಗುವ ಸ್ವಭಾವ ಅವರದಾಗಿರಲಿಲ್ಲ.

ಈ ಸ್ವಭಾವಕ್ಕೆ ಅವರು ತೆತ್ತ ಬೆಲೆ ದೊಡ್ಡದು. ಮೈಸೂರು ಅರಮನೆಗಾಗಿ ಉಬ್ಬುಶಿಲ್ಪಗಳ ಕೆಲಸ ನಡೆದಿತ್ತು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆ ಕೆಲಸವೂ ನಿಂತಿತು. ತಮಗೆ ಬರಬೇಕಾದ ಹಣಕ್ಕಾಗಿ ವೆಂಕಟಪ್ಪನವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅರಸರ ಕೃಪೆಯಿಂದ ಬದುಕುತ್ತಿದ್ದ ಮನೆತನದ ಒಬ್ಬ ಚಿತ್ರಗಾರ, ತನ್ನ ದುಡಿಮೆಗೆ ಕೃಪೆಯಲ್ಲ, ಕೂಲಿ ಸಲ್ಲಬೇಕು ಎಂದು ನಿಂತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಆದರೆ ಆ ನಂತರ ಅವರ ಕುಂಚ ಹೆಚ್ಚುಕಡಿಮೆ ಸುಮ್ಮನಾಯಿತು. 1965ರಲ್ಲಿ ಅವರು ತೀರಿಕೊಂಡರು. ಕೊನೆಯ ಇಪ್ಪತ್ತೈದು ವರ್ಷಗಳಲ್ಲಿ ಬರಬಹುದಾಗಿದ್ದ ಚಿತ್ರಗಳು ನಮಗೆ ಸಿಗಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಅಮೆರಿಕದಲ್ಲಿ ಥಾಮಸ್ ಕೋಲ್ ಎಂಬ ಪ್ರಕೃತಿ ಚಿತ್ರಕಾರರು 1848ರಲ್ಲಿ ತೀರಿಕೊಂಡರು. ಕ್ಯಾಟ್ಸ್‌ಕಿಲ್ ಊರಿನ ಅವರ ಮನೆಯನ್ನು ಉಳಿಸಿಕೊಂಡು, ಅಲ್ಲಿಯೇ ಅವರ ಕಾಲದ ಚಿತ್ರಗಳನ್ನೂ ಇಂದಿನವರ ಚಿತ್ರಗಳನ್ನೂ ಪ್ರದರ್ಶಿಸುತ್ತಾರೆ. ನಮ್ಮಲ್ಲಿ ವೆಂಕಟಪ್ಪನವರ ಚಿತ್ರಗಳಿಗೇ ಒಂದು ಮನೆಯಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, 1970ರ ದಶಕದಲ್ಲಿ ಕಟ್ಟಿದ ವೆಂಕಟಪ್ಪ ಕಲಾಗ್ಯಾಲರಿಯೇ ಅದು. ಅವರ ಜಲವರ್ಣಗಳು, ಉಬ್ಬುಶಿಲ್ಪಗಳು ಅಲ್ಲಿಗೆ ಸೇರಿದವು. ಕೆ.ಕೆ. ಹೆಬ್ಬಾರರ ಚಿತ್ರಗಳಿಗೂ ಮುಂದೆ ಅಲ್ಲಿ ಜಾಗ ದೊರೆಯಿತು. ಉಳಿದ ಸಭಾಂಗಣಗಳನ್ನು ಕಡಿಮೆ ಬಾಡಿಗೆಗೆ ಪಡೆದು, ಜಿಲ್ಲೆಗಳಿಂದ ಬಂದ ಎಷ್ಟೋ ಯುವ ಕಲಾವಿದರು ಪ್ರದರ್ಶನ ಮಾಡಿದ್ದಾರೆ. ಹಳೆಯವರ ಕೆಲಸ ನೋಡಲು ಬಂದವರು ಹೊಸಬರನ್ನೂ ನೋಡಿ ಹೋಗುವ ಏರ್ಪಾಡು ಇದು. ಗ್ಯಾಲರಿಯ ನಿರ್ವಹಣೆಯಲ್ಲಿ ಖಾಸಗಿ ಸಂಸ್ಥೆಯೊಂದನ್ನು ಸೇರಿಸಿಕೊಳ್ಳುವ ಒಪ್ಪಂದವಾದಾಗ, 2016ರಲ್ಲಿ ಕಲಾವಿದರು ಅದರ ಮುಂದೆಯೇ ಸೇರಿ ಪ್ರತಿಭಟಿಸಿದರು. ಬಡ ಕಲಾವಿದನಿಗೂ ಗೋಡೆ ಸಿಗುವ ಜಾಗ ಕೈತಪ್ಪಬಾರದು ಎಂಬುದು ಅವರ ಕಳವಳವಾಗಿತ್ತು. ತಮ್ಮ ದುಡಿಮೆಯ ಹಕ್ಕಿಗಾಗಿ ನಿಂತವರ ಹೆಸರಿನ ಕಟ್ಟಡದಲ್ಲಿ ಮತ್ತೆ ಹಕ್ಕಿನ ಮಾತೇ ಬಂತು.

ಚಿಕ್ಕೋಡಿ, ರಾಯಬಾಗ, ಕಾಗವಾಡದ ಮಕ್ಕಳಿಗೆ ಬೆಂಗಳೂರು ಬಲು ದೂರ. ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದಲ್ಲಿ, ಚಿತ್ರನಟರೂ ಪ್ರಕೃತಿ ಚಿತ್ರಕಾರರೂ ಆಗಿದ್ದ ಚಂದ್ರಕಾಂತ ಮಾಂಡರೆಯವರ ರಾಜಾರಾಮಪುರಿಯ ಮನೆಯೇ ಈಗ ಕಲಾ ಸಂಗ್ರಹಾಲಯವಾಗಿದೆ. ಶಾಲಾ ಪ್ರವಾಸದಲ್ಲಿ ಮಹಾಲಕ್ಷ್ಮಿಯ ದರ್ಶನ ಮಾಡಿಸುವ ನಾವು, ಅಲ್ಲಿಗೂ ಮಕ್ಕಳನ್ನು ಕರೆದೊಯ್ಯಬಹುದು.

ಕಥೆ ಮುಗಿದ ಮೇಲೆ ಮಕ್ಕಳನ್ನು ಶಾಲೆಯ ಹಿಂದಿನ ಹೊಲದ ಬದುವಿಗೆ ಕರೆದೊಯ್ದೆ. ಹತ್ತು ನಿಮಿಷ ಪೆನ್ಸಿಲ್ ಮುಟ್ಟದೆ ನೋಡಬೇಕು ಎಂಬುದೊಂದೇ ನಿಯಮ. ಆ ದಿನದ ಚಿತ್ರಗಳು ಹಿಂದಿನವುಗಳಷ್ಟು ಅಂದವಾಗಿರಲಿಲ್ಲ. ಗೆರೆ ಸೊಟ್ಟ, ಬಣ್ಣ ಕಲಸಿಹೋಗಿತ್ತು. ಆದರೆ ಎರಡು ಮುಕ್ಕೋನದ ಗುಡ್ಡಗಳು ಕಡಿಮೆಯಾಗಿದ್ದವು. ಒಬ್ಬ ಹುಡುಗಿಯ ಹಾಳೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಇತ್ತು, ಅದರ ಹಿಂದೆ ಎದ್ದ ಧೂಳೂ ಇತ್ತು. ಧೂಳನ್ನು ನೋಡಿ ಬರೆದವಳಿಗೆ ಮುಂದೊಂದು ದಿನ ಮೋಡವೂ ಬರೆಯಲು ಬಂದೀತು.