ಗಣಿತಾಚಾರ್ಯ ಮಹಾವೀರ

ಮಾನ್ಯಖೇಟವೆಂದೊಡನೆ ನಮಗೆ ನೃಪತುಂಗನೂ ‘ಕವಿರಾಜಮಾರ್ಗ’ವೂ ನೆನಪಾಗುವುದು ಸಹಜ. ಅದೇ ಅಮೋಘವರ್ಷನ ಆಳ್ವಿಕೆಯಲ್ಲಿ (ಕ್ರಿ.ಶ. ೮೧೪-೮೭೮) ಬಾಳಿದ ಮಹಾವೀರಾಚಾರ್ಯನನ್ನು ಮಾತ್ರ ಕನ್ನಡ ಪಂಡಿತರಾದ ನಾವು ಗಣಿತದ ಅಧ್ಯಾಪಕರಿಗೇ ಬಿಟ್ಟುಕೊಟ್ಟಿದ್ದೇವೆ. ಇದು ತರವಲ್ಲ.

ದಿಗಂಬರ ಜೈನನಾದ ಆಚಾರ್ಯನು ಸುಮಾರು ೮೫೦ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿ, ಆದಿಯಲ್ಲಿ ಅರಸನನ್ನು ಸ್ತುತಿಸಿದನು. ಸಂಗೀತ, ವೈದ್ಯ, ಪಾಕ, ಛಂದಸ್ಸು, ವ್ಯಾಕರಣಗಳಿಗೂ ಗಣಿತವು ಬೇಕೆಂಬುದು ಆತನ ಮತ. ಅಂತೆಯೇ ಜ್ಯೋತಿಷದ ಅಂಗವಾಗಿರಿಸದೆ ಅದನ್ನೇ ಪ್ರತ್ಯೇಕ ಗ್ರಂಥವಾಗಿಸಿದನು.

ಸರಳ ಸಮೀಕರಣವನ್ನು ಆತನು ಬಿಡಿಸಿದ ಬಗೆ ಸೊಗಸಾದುದು. ಬುಟ್ಟಿಯ ಮಾವಿನಹಣ್ಣುಗಳಲ್ಲಿ ಮೂರರಲ್ಲೊಂದು ಪಾಲು ದಾಸೋಹಕ್ಕೆ, ಉಳಿದುದರ ಕಾಲುಭಾಗ ಮಕ್ಕಳಿಗೆ ಸಂದು ೧೮ ಮಿಕ್ಕವೆನ್ನೋಣ. ಸದಾಶಿವನಗರದ ಇಂದಿನ ಬಾಲಕನು ಮೊದಲಿದ್ದುದನ್ನು ‘ಎಕ್ಸ್’ ಎಂದು ಬರೆಯುವನು. ಬರೆದು ಬೆದರಿ ಕೂರುವುದೂ ಉಂಟು. ಆಚಾರ್ಯನ ‘ಶೇಷಜಾತಿ’ಯ ಸೂತ್ರದಂತೆ, ಪ್ರತಿ ಸಲ ಉಳಿದ ಪಾಲುಗಳನ್ನು, ಅಂದರೆ ಮೂರರಲ್ಲೆರಡನ್ನೂ ನಾಲ್ಕರಲ್ಲಿ ಮೂರನ್ನೂ, ಗುಣಿಸಿದರೆ ಅರ್ಧ, ೧೮ನ್ನು ಅರ್ಧದಿಂದ ಭಾಗಿಸಿದರೆ ೩೬. ಅಕ್ಷರಕ್ಕೆ ಅಂಜುವ ಮಗುವಿಗೆ ಮೊದಲು ಈ ದಾರಿಯನ್ನು ತೋರಿಸಿ, ‘ಎಕ್ಸ್’ ಅನ್ನು ಆಮೇಲೆ ತರುವುದೇ ಲೇಸೆಂದು ನನ್ನ ಎಣಿಕೆ.

ಆಚಾರ್ಯನು ಎಡವಿದ್ದೂ ಉಂಟು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆಂದನು, ಅದು ತಪ್ಪು. ಆದರೆ ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಕಂಡವನೂ ಆತನೇ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಬಹುಕಾಲ ಓಲೆಗರಿಗಳಲ್ಲಿದ್ದ ಮೂಲವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದರು. ೧೯೧೨ರಲ್ಲಿ ಅದು ಮದರಾಸಿನಲ್ಲಿ ಅಚ್ಚಾಯಿತು.